ತಮ್ಮ ಎಳೆಯದೆ ಬಿಟ್ಟ ಹಸಿರು ವೈರು

ಕಂಪ್ಯೂಟರಿನ ಪವರ್ ಸಪ್ಲೈ ಸುಟ್ಟುಹೋದಾಗ ಅಕ್ಕನಿಗೆ ಗಾಬರಿಯೂ ಆಗಲಿಲ್ಲ, ಬೇಜಾರೂ ಆಗಲಿಲ್ಲ. ಕರೆಂಟು ಒಮ್ಮೆಲೇ ಏರಿ, ಬಲ್ಬು ಬೆಳ್ಳಗೆ ಉರಿದು, ಡಬ್ಬಿಯೊಳಗೆ ಟಪ್ ಎಂದಿತ್ತು. ಅಚ್ಚಿನ ಮನೆಗೆ ಪುಟ ಜೋಡಿಸಿಕೊಡುವುದೇ ಅವಳ ಹೊಟ್ಟೆಪಾಡು. ಆದರೂ ಸುಟ್ಟ ವಾಸನೆ ಕುಡಿಯುತ್ತ ಕೈಕಟ್ಟಿ ಕೂತಳು. ತಮ್ಮ ಅಪಘಾತದಲ್ಲಿ ಹೋದಮೇಲೆ ಅವಳಿಗೆ ಎಲ್ಲವೂ ಸಪ್ಪೆ. ಒಂದು ಹನಿ ಕಣ್ಣೀರೂ ಬಂದಿರಲಿಲ್ಲ.

ರಿಪೇರಿಗೆ ಬಂದವಳು ಆ ತಮ್ಮನ ಹೆಂಡತಿಯೇ. ಕಂಪ್ಯೂಟರ್ ಅಂಗಡಿಯಲ್ಲಿ ಕೆಲಸ. ಹೊಸ ಸಪ್ಲೈ ಜೊತೆ, ಕರೆಂಟು ಏರಿದರೆ ತಡೆಯುವ ಒಂದು ಸ್ಪೈಕ್ ಗಾರ್ಡನ್ನೂ ತಂದಿದ್ದಳು. ಹಳೆಯದನ್ನು ಕಿತ್ತು, ಹೊಸದನ್ನು ಕೂರಿಸಿ ಸ್ವಿಚ್ ಹಾಕಿದಳು. ಡಬ್ಬಿಯ ಮೇಲೆ ಕೈಯಿಟ್ಟವಳು ಸರಕ್ಕನೆ ಎಳೆದುಕೊಂಡಳು.

“ಅಕ್ಕಾ, ಇದು ಜುಂ ಅಂತಿದೆ!”

“ಹ್ಞೂಂ, ಅನ್ನತ್ತೆ.”

“ಅನ್ನತ್ತಾ? ಬೆಕ್ಕು ಮಿಯಾಂವ್ ಅನ್ನತ್ತೆ ಅನ್ನೋ ಹಾಗೆ ಹೇಳ್ತೀರಲ್ಲ!”

ಮೇನ್ ಆರಿಸಿ ಸಾಕೆಟ್ ಬಿಚ್ಚಿದಳು. ಮೇಲಿನ ದಪ್ಪ ತೂತು ಅರ್ತಿನದು; ಅದರ ಹಿಂದೆ ಹಸಿರು ವೈರೇ ಇಲ್ಲ.

“ಯಾವ ಪುಣ್ಯಾತ್ಮನ ಕೆಲಸ ಇದು?” ಎಂದವಳು ಅಕ್ಕನ ಮುಖ ನೋಡಿ ಸ್ಕ್ರೂಡ್ರೈವರ್ ಕೆಳಗಿಟ್ಟಳು. “ನಮ್ಮ ಸದ್ಯಕ್ಕೆ ಸಾಹೇಬರದ್ದಾ?”

ಮನೆಯವರೆಲ್ಲ ತಮ್ಮನಿಗೆ ಇಟ್ಟಿದ್ದ ಹೆಸರೇ ಅದು. ನಲ್ಲಿಗೆ ಸದ್ಯಕ್ಕೆ ದಾರ, ಕಿಟಕಿಗೆ ಸದ್ಯಕ್ಕೆ ರಟ್ಟು. ಈ ಸಾಕೆಟ್ ಹಾಕಿದಾಗಲೂ, “ಸದ್ಯಕ್ಕೆ ಎರಡು ವೈರು ಸಾಕು ಕಣಕ್ಕ, ಅರ್ತು ಭಾನುವಾರ ಎಳೀತೀನಿ,” ಎಂದಿದ್ದ. ಆ ಭಾನುವಾರಕ್ಕೆ ಅವನೇ ಇರಲಿಲ್ಲ.

“ನನ್ನನ್ನೂ ಸದ್ಯಕ್ಕೆ ಅಂತಲೇ ಮದುವೆಯಾಗಿದ್ರು ಅನ್ಸತ್ತೆ,” ಎಂದು ತಮ್ಮನ ಹೆಂಡತಿ ನಕ್ಕಳು. ನಗು ಅರ್ಧಕ್ಕೇ ನಿಂತಿತು. ಚೀಲದಿಂದ ಹಸಿರು ವೈರಿನ ಸುರುಳಿ ತೆಗೆದಳು. “ಅಡುಗೆಮನೆ ಸಾಕೆಟ್ಟಿಗೆ ಒಳ್ಳೆ ಅರ್ತ್ ಇದೆ. ಅಲ್ಲಿಂದ ಎಳೀತೀನಿ. ಹೆಚ್ಚಾದ ಕರೆಂಟು ನೆಲಕ್ಕಿಳಿಯೋಕೆ ದಾರಿ ಇಲ್ಲದಿದ್ರೆ ಈ ಗಾರ್ಡು ಬರೀ ಶೋಕಿ.”

“ಬೇಡ. ಹಾಗೇ ಇರಲಿ ಬಿಡೆ.”

“ಯಾಕೆ?”

ಅಕ್ಕ ಗೋಡೆ ನೋಡಿದಳು. “ಬೆಳಗ್ಗೆ ಎದ್ದು ಆ ಡಬ್ಬಿ ಮೇಲೆ ಕೈ ಇಡ್ತೀನಿ. ಅವನು ಹೋದಮೇಲೆ ನನ್ನ ಮೈಗೆ ತಿಳಿಯೋದು ಆ ಜುಂ ಒಂದೇ.”

ತಮ್ಮನ ಹೆಂಡತಿ ನೆಲದ ಮೇಲೆ ಕುಕ್ಕರಿಸಿದಳು.

“ಇವತ್ತು ಜುಂ ಅನ್ನೋದು ನಾಳೆ ಎತ್ತಿ ಒಗೆಯತ್ತೆ ಅಕ್ಕಾ. ಒಬ್ಬರನ್ನ ಕಳಿಸಿಕೊಟ್ಟಾಯ್ತು. ಇನ್ನೊಬ್ಬರನ್ನ ಕಳಿಸೋಕೆ ನನ್ನ ಕೈಲಾಗಲ್ಲ.”

ಅವಳ ದನಿಯಲ್ಲೂ ಅಳುವಿರಲಿಲ್ಲ. ಬಾಕಿ ಕೆಲಸ ಒಪ್ಪಿಸುವವರ ದನಿ. ಇವಳೂ ನನ್ನ ಹಾಗೆಯೇ ಮರಗಟ್ಟಿದ್ದಾಳೆ ಎಂದು ಅಕ್ಕನಿಗೆ ಆಗ ಹೊಳೆಯಿತು. ಎದ್ದು ಹೋಗಿ ವೈರಿನ ತುದಿ ಹಿಡಿದಳು.

“ಎಲ್ಲಿ ಒತ್ತಿ ಹಿಡೀಲಿ?”

ಗೋಡೆಯುದ್ದಕ್ಕೂ ಒಬ್ಬಳು ಹಿಡಿದಳು, ಇನ್ನೊಬ್ಬಳು ಕ್ಲಿಪ್ಪು ಬಡಿದಳು. ಮೇನ್ ಹಾಕಿ, ಕಂಪ್ಯೂಟರ್ ಹಚ್ಚಿ, ತಮ್ಮನ ಹೆಂಡತಿ ಮೊದಲು ತಾನು ಮುಟ್ಟಿ ನೋಡಿದಳು. ಆಮೇಲೆ ಅಕ್ಕ ಅಂಗೈಯಿಟ್ಟಳು. ತಣ್ಣಗಿನ ತಗಡು.

“ಏನಾದ್ರೂ ಗೊತ್ತಾಗ್ತಿದೆಯಾ?”

“ಏನೂ ಇಲ್ಲ.”

“ಸರಿಯಾಗಿದೆ ಹಾಗಾದ್ರೆ.”

ಅಕ್ಕ ಕುರ್ಚಿ ಎಳೆದುಕೊಂಡು, ನಿಂತುಹೋಗಿದ್ದ ಪುಟ ತೆರೆದಳು. “ಊಟ ಮಾಡ್ಕೊಂಡು ಹೋಗು,” ಎಂದಳು. ಒಲೆಯನ್ನೇ ಹಚ್ಚಿಲ್ಲವೆಂದು ನೆನಪಾದದ್ದು ಆಮೇಲೆ.