ಬೀಗರ ಮೋಟಾರು

“ನಾ ಮೊದಲ ಹೋದರ ನೀ ನನ್ನ ಈ ಗಾಡಿಯೊಳಗ ಬಾಜೂಕ ಕುಂದರಿಸಿಕೊಂಡು ಒಯ್ಯಬೇಕು. ನೀ ಮೊದಲ ಹೋದರ ಹಿಂದ ಮಲಗಿಸಿಕೊಂಡು ನಾ ಒಯ್ಯತೇನಿ. ಎತ್ತು ಮಾತ್ರ ಹೂಡಾಂಗಿಲ್ಲ.”

ಗುತ್ತೆಪ್ಪ ಹೀಗೆ ಅಂದು ಹತ್ತು ವರ್ಷದ ಮೇಲಾಗಿತ್ತು. ಲಿಂಗಾಯತರ ಹೆಣ ಕೂತು ಹೋಗುತ್ತದೆ, ತನ್ನ ಮಂದಿಯದು ಮಲಗಿ ಹೋಗುತ್ತದೆ ಎಂಬುದನ್ನು ನೆನೆದು ಖಲಂದರ ಅವತ್ತು ಹೊಟ್ಟೆ ಹಿಡಿದು ನಕ್ಕಿದ್ದ. ನಕ್ಕು, ಗ್ರೀಸು ಮೆತ್ತಿದ ಕೈಯನ್ನು ಗೆಳೆಯನ ಕೈಗೆ ಬಡಿದು ಆಗಲಿ ಅಂದಿದ್ದ.

ಈಗ ಅವನು ತಡಸದಲ್ಲಿ ಹುಬ್ಬಳ್ಳಿ ಕಂಪನಿಯ ಬಸ್ಸಿನಿಂದ ಇಳಿದು ಓಡುನಡಿಗೆಯಲ್ಲಿ ಹೊರಟಿದ್ದ. ಕೈಯಲ್ಲಿ ಬೋಲ್ಟು ಬಿಚ್ಚುವ ಒಂದು ಪಾನಾ ಕೂಡ ಇರಲಿಲ್ಲ.

ಪಡಸಾಲೆಯಲ್ಲಿ ಗುತ್ತೆಪ್ಪನನ್ನು ಗೋಡೆಗೆ ಆನಿಸಿ ಕೂಡಿಸಿದ್ದರು. ಹಣೆಗೆ ವಿಭೂತಿ, ಕೊರಳಿಗೆ ಚೆಂಡುಹೂವಿನ ಹಾರ. ಭಜನೆಯವರ ದನಿ ಬಿದ್ದುಹೋಗಿತ್ತು. ಅಂಗಳದಲ್ಲಿ ಹೆಣ ಹೊರುವ ಬಿದಿರಿನ ವಿಮಾನ ಕಟ್ಟಿ ಮುಗಿಸಿ ಗುತ್ತೆಪ್ಪನ ಹೆಂಡತಿ ಅನ್ನವ್ವನ ಅಣ್ಣ ಬಸವಣ್ಣೆಪ್ಪ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ. ಖಲಂದರನನ್ನು ಕಂಡ ಮಂದಿ ಅವನ ಮುಖ ನೋಡಲಿಲ್ಲ, ಅವನ ಹಿಂದಿನ ದಾರಿ ನೋಡಿದರು. ಎಂಜಿನ್ ಹೊತ್ತ ಚಕ್ಕಡಿ ಎಲ್ಲಿ ಎಂದು.

ಮುಂಜಾನೆ ಸವಣೂರಿಗೆ ಆಳು ಕಳಿಸಿದವಳು ಅನ್ನವ್ವ. ಖಲಂದರ ಎಂಜಿನ್ ತರುತ್ತಾನೆ, ಅಲ್ಲಿತನಕ ಹೆಣ ಎತ್ತಬೇಡಿರೆಂದು ಗಂಡನ ಮುಂದೆ ಕೂತವಳು ಎದ್ದಿರಲಿಲ್ಲ. ಹೊತ್ತು ಪಡುವಣಕ್ಕೆ ವಾಲಿತ್ತು. ಕತ್ತಲಾಗುವುದರೊಳಗೆ ಮಣ್ಣು ಆಗಬೇಕಿತ್ತು.

“ಚಕ್ಕಡಿ ಹಿಂದ ಬರಾಕತ್ತೇತೇನು?” ಎಂದು ಬಸವಣ್ಣೆಪ್ಪ ಕೇಳಿದ.

ಖಲಂದರ ಚಪ್ಪಲಿ ಕಳಚಿ ಒಳಗೆ ಹೋದ.

* * *

ಗುತ್ತೆಪ್ಪ ತಡಸದಲ್ಲಿ ಚಕ್ಕಡಿ ಕಟ್ಟುವವ. ಖಲಂದರ ಸವಣೂರಿನ ಶ್ರೀಮಂತರ ಮೋಟಾರು ರಿಪೇರಿಯವ. ಬಂಕಾಪುರದ ದಾರಿಯಲ್ಲಿ ಎಂಜಿನ್ ಸುಟ್ಟ ಶೆವರ್ಲೆ ಲಾರಿಯೊಂದು ಬಿದ್ದಿತ್ತು. ಸವಣೂರಿನಲ್ಲಿ ಮರ ಬಿದ್ದು ಜಜ್ಜಿಹೋದ ಫೋರ್ಡ್ ಕಾರಿನಲ್ಲಿ ಎಂಜಿನ್ ಒಂದು ಉಳಿದಿತ್ತು. ಇಬ್ಬರೂ ಫೋರ್ಡಿನ ಎದೆ ಕಿತ್ತು ಶೆವರ್ಲೆಯ ಮೈಗೆ ಕೂಡಿಸಿದರು. ಮೇಲೆ ಗುತ್ತೆಪ್ಪ ಸಾಗವಾನಿ ಬಾಡಿ ಕಟ್ಟಿದ.

“ಅಮೇರಿಕಾದೊಳಗ ಈ ಎರಡು ಕಂಪನಿ ಒಂದರ ಮಾರಿ ಒಂದು ನೋಡಂಗಿಲ್ಲಂತ. ನಾವು ಲಗ್ನಾನ ಮಾಡಿಬಿಟ್ಟೇವಿ,” ಎಂದು ಖಲಂದರ ಹೇಳಿಕೊಂಡು ತಿರುಗಿದ. ಹಾಗಾಗಿ ಅದು ಊರ ಬಾಯಲ್ಲಿ ಬೀಗರ ಮೋಟಾರಾಯಿತು. ತಡಸದಿಂದ ಶಿಗ್ಗಾಂವಿ, ಶಿಗ್ಗಾಂವಿಯಿಂದ ಸವಣೂರು, ಮಂದಿಯನ್ನು ಕಟ್ಟಿಗೆಯ ಹಾಗೆ ತುಂಬಿಕೊಂಡು ಓಡಿತು.

ಯುದ್ಧ ಸುರುವಾಗುವ ವರ್ಷ ಹುಬ್ಬಳ್ಳಿಯ ಕಂಪನಿ ಸುತ್ತಿನ ಒಂಟಿ ಮೋಟಾರುಗಳನ್ನೆಲ್ಲ ತನ್ನೊಳಗೆ ಕೂಡಿಸಿಕೊಳ್ಳಲು ಬಂತು. ಮಾತು ತಂದವ ಬಸವಣ್ಣೆಪ್ಪ. ಕೂಡೋಣ, ಒಬ್ಬಂಟಿಯಾಗಿ ಎಷ್ಟು ದಿನ ಅಂದ ಗುತ್ತೆಪ್ಪ. ಕೂಡಿದರೆ ನಮ್ಮದು ಅನ್ನಲು ಏನು ಉಳಿಯುತ್ತದೆ ಅಂದ ಖಲಂದರ. ಮಾತಿಗೆ ಮಾತು ಬೆಳೆದು ಹಿರಿಯರ ಮುಂದೆ ಹೋಯಿತು. ಹಿರಿಯರಿಗೆ ಹೊಲ ಹಂಚಿ ಗೊತ್ತು, ಹಿತ್ತಲ ಹಂಚಿ ಗೊತ್ತು. ಮೋಟಾರನ್ನೂ ಹಾಗೇ ಹಂಚಿದರು: ಎಂಜಿನ್ ಖಲಂದರನಿಗೆ, ಮೈ ಗುತ್ತೆಪ್ಪನಿಗೆ. ಇಬ್ಬರೂ ತಲೆಯಾಡಿಸಿದರು. ನಾಳೆ ಅವನೇ ಬರುತ್ತಾನೆ ಎಂದು ಇಬ್ಬರೂ ಮನಸ್ಸಿನಲ್ಲಿ ಅಂದುಕೊಂಡರು.

ಯಾರೂ ಹೋಗಲಿಲ್ಲ.

* * *

“ಬಂದಿ, ತಮ್ಮಾ,” ಅಂದಳು ಅನ್ನವ್ವ. “ಗಾಡಿ ಹಿತ್ತಲದಾಗ ಐತಿ. ಕೂಡಸು.”

ಖಲಂದರ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತ. “ಎಂಜಿನ್ ಇಲ್ಲ, ಅಕ್ಕಾ. ಹಿಟ್ಟಿನ ಗಿರಣಿಗೆ ಹಚ್ಚಿದ್ದೆ. ಹೋದ ವರ್ಷ ಸೀಳಿತು. ಗುಜರಿಗೆ ಹಾಕಿದೆ.”

ಬಾಗಿಲಲ್ಲಿ ನಿಂತಿದ್ದ ಬಸವಣ್ಣೆಪ್ಪ ಕೇಳಿಸಿಕೊಂಡ. “ಹುಬ್ಬಳ್ಳಿಯವರ ಸಂಗಾಟ ಕೂಡಬ್ಯಾಡ ಅಂದಿ. ಕಡೀಕ ಗುಜರಿಯವನ ಸಂಗಾಟ ಕೂಡಿದಿ,” ಅಂದವನೇ ವಿಮಾನ ತರಲು ಹೇಳಿದ.

ಅನ್ನವ್ವ ಎದ್ದಳು. ಯಾರ ಕಡೆಗೂ ನೋಡದೆ ಹಿತ್ತಲಕ್ಕೆ ನಡೆದಳು. ಖಲಂದರ ಹಿಂದೆ ಹೋದ.

ಗಾಡಿ ತಗಡಿನ ನೆರಳಲ್ಲಿತ್ತು. ಯುದ್ಧದಲ್ಲಿ ಟಾಯರು ಸಿಗದಾದಾಗ ಗುತ್ತೆಪ್ಪ ಜಾಲಿಯ ಗಾಲಿ ಕಟ್ಟಿ, ಕಬ್ಬಿಣದ ಪಟ್ಟಿ ಏರಿಸಿದ್ದ. ಖಲಂದರ ಬಾನೆಟ್ ಎತ್ತಿದ. ಒಳಗೆ ಜೇಡರ ಬಲೆ ಇರಲಿಲ್ಲ, ಧೂಳೂ ಇರಲಿಲ್ಲ. ಎಂಜಿನ್ ಕೂರುವ ಜಾಗಕ್ಕೆ ಹೊಸದಾಗಿ ಗ್ರೀಸು ಹಚ್ಚಿತ್ತು. ಬೋಲ್ಟುಗಳನ್ನು ಎಣ್ಣೆ ಬಟ್ಟೆಯಲ್ಲಿ ಸುತ್ತಿ ಮೂಲೆಗೆ ಇಟ್ಟಿತ್ತು. ಅವನು ಆ ಗಂಟು ಮುಟ್ಟಿದ, ಎತ್ತಲಿಲ್ಲ.

“ಜಡ್ಡು ಬಿದ್ದಮ್ಯಾಲೂ ಒರಸೂದು ಬಿಡಲಿಲ್ಲ,” ಅಂದಳು ಅನ್ನವ್ವ.

ಬಸವಣ್ಣೆಪ್ಪ ಹಿಂದೆಯೇ ಬಂದಿದ್ದ. ಹೊತ್ತು ಮುಳುಗುತ್ತದೆ, ಇದರಲ್ಲೇ ಒಯ್ಯುವುದಾದರೆ ಎತ್ತು ಹೂಡಿ ಮುಗಿಸೋಣ ಎಂದ.

“ಎತ್ತು ಬ್ಯಾಡ,” ಅಂದಳು ಅವಳು. “ನೂಕ್ರಿ.”

ಬಸವಣ್ಣೆಪ್ಪ ತಂಗಿಯ ಮುಖ ನೋಡಿದ. ಅಂಗಿಯ ತೋಳು ಮಡಚಿಕೊಂಡ.

ಗುತ್ತೆಪ್ಪನನ್ನು ಮುಂದಿನ ಸೀಟಿನಲ್ಲಿ ಕೂಡಿಸಿ ಶಾಲಿನಿಂದ ಬಿಗಿದರು. ಖಲಂದರ ಸ್ಟೇರಿಂಗ್ ಹಿಡಿದ. ಮಂದಿ ಹಿಂದಿನಿಂದ ಹೆಗಲು ಕೊಟ್ಟರು. ಕಲ್ಲಿನ ಮೇಲೆ ಗಾಲಿಯ ಕಬ್ಬಿಣದ ಪಟ್ಟಿ ಕಿರುಗುಟ್ಟಿತು. ಖಾಲಿ ಬಾನೆಟ್ಟಿನಲ್ಲಿ ಬೋಲ್ಟಿನ ಗಂಟು ಆಚೀಚೆ ಉರುಳಿ ಬಡಿಯಿತು.

ಊರು ದಾಟಿದ ಮೇಲೆ ಹೊಲದ ದಾರಿ ಇಳಿಜಾರು. ಅಲ್ಲಿ ನೂಕುವವರ ಕೈಯಿಂದ ಗಾಡಿ ಜಾರಿತು. ಬಸವಣ್ಣೆಪ್ಪ ಬ್ರೇಕು ಹಾಕೆಂದು ಕೂಗುತ್ತ ಓಡಿಬಂದ. ಖಲಂದರ ಹಾಕಲಿಲ್ಲ. ಗಾಡಿ ತನ್ನಷ್ಟಕ್ಕೆ ಓಡತೊಡಗಿತು. ತಿರುವಿನಲ್ಲಿ ಗುತ್ತೆಪ್ಪನ ತಲೆ ವಾಲಿ ಅವನ ಹೆಗಲಿಗೆ ಬಂತು. ಹಾರದ ಚೆಂಡುಹೂ ಉದುರಿ ಇಬ್ಬರ ತೊಡೆಯ ಮೇಲೂ ಬಿದ್ದವು. ತೋಡಿದ ಕುಣಿಯ ಹತ್ತಿರ ಬಂದಾಗ ಖಲಂದರ ಮೆಲ್ಲಗೆ ಬ್ರೇಕು ಒತ್ತಿದ.

ಎತ್ತು ಹೂಡಿರಲಿಲ್ಲ. ಖಲಂದರ ಕೊಟ್ಟ ಮಾತು ನಡೆಯಿತು.