ತಿದಿಯ ಸದ್ದು

"ಹೆಸರೇ ಇಲ್ಲವಲ್ಲ ಮಾರಾಯ," ಎಂದ ಅಶ್ವಿತ್, ಪರದೆಯ ಮೇಲಿನ ಪಟ್ಟಿಯನ್ನು ಮೂರನೇ ಸಲ ಮೇಲಿನಿಂದ ಕೆಳಗೆ ಸರಿಸುತ್ತ.

ಬೆಳ್ತಂಗಡಿಯ ಟೈಲರ್ ಅಂಗಡಿಯೊಂದರ ಮಹಡಿಯಲ್ಲಿದ್ದ ಅವನ ಸ್ಟುಡಿಯೋಗೆ ಶಿವಕೃಷ್ಣ ಪೆನ್‌ಡ್ರೈವಿನಲ್ಲಿ ಒಂದು ಶ್ರುತಿಪೆಟ್ಟಿಗೆ ತಂದಿದ್ದ. ಮೆಲ್ಕಾರಿನ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ಅವನು ನಾಲ್ಕು ತಿಂಗಳು ಕೂತು ಬರೆದ ಪ್ಲಗಿನ್ ಅದು, ಕಂಪ್ಯೂಟರಿನೊಳಗೆ ಜೋಡಿಸಿ ನುಡಿಸುವ ವಾದ್ಯ. ಯಾವ ಕಂಪೆನಿಯ ಅಪ್ಪಣೆಯೂ ಬೇಡದ ಮುಕ್ತ ಮಾನದಂಡದಲ್ಲಿ ಮಾಡಿದ್ದು. ಆ ಮಾನದಂಡವನ್ನು ಒಪ್ಪುವ ಯಾವ ರೆಕಾರ್ಡಿಂಗ್ ಸಾಫ್ಟ್‌ವೇರಿನಲ್ಲೂ ತೆರೆದುಕೊಳ್ಳಬೇಕು. ಬೇಕು, ಅಷ್ಟೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬಂತೆ ಅಶ್ವಿತನ ಕಂಪ್ಯೂಟರು ಅದನ್ನು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ.

ಗಾಜಿನ ಆಚೆ, ಮೈಕಿನ ಮುಂದೆ, ಮೂಡಬಿದಿರೆಯ ತುಂಗಾ ಟೀಚರ್ ಕಾಯುತ್ತಿದ್ದರು. ಶಿವಕೃಷ್ಣನಿಗೆ ಸಂಗೀತ ಕಲಿಸಿದವರು. ಸೋಮವಾರ ಅವರ ಥೈರಾಯ್ಡ್ ಆಪರೇಶನ್. ಸ್ವರ ಮೊದಲಿನಂತೆಯೇ ಉಳಿಯುತ್ತದೆ ಎಂದು ಹೇಳಲಾಗದು ಎಂದಿದ್ದರು ಡಾಕ್ಟರು. ಅರವತ್ತೇಳು ವರ್ಷ ಒಂದು ಹಾಡನ್ನೂ ರೆಕಾರ್ಡ್ ಮಾಡಿಸದ ಟೀಚರು ಈಗ ಒಪ್ಪಿದ್ದು ಒಂದೇ ಶರತ್ತಿನ ಮೇಲೆ: ಶ್ರುತಿ ತಮ್ಮ ಪೆಟ್ಟಿಗೆಯದೇ ಆಗಬೇಕು. ಪೆಟ್ಟಿಗೆಯನ್ನೋ ಕಳೆದ ವರ್ಷ ಗೆದ್ದಲು ತಿಂದು ಮುಗಿಸಿತ್ತು. ಅದಕ್ಕೂ ಮೊದಲು ಶಿವಕೃಷ್ಣ ಅದರ ನಾದವನ್ನು ಹಿಡಿದಿಟ್ಟುಕೊಂಡಿದ್ದದ್ದೇ ಪುಣ್ಯ.

"ನನ್ನ ಲ್ಯಾಪ್‌ಟಾಪಿನಲ್ಲಿ ಎಲ್ಲ ಸರಿ ಇತ್ತು."

"ಹಾಗಾದರೆ ಟೀಚರನ್ನು ನಿನ್ನ ಲ್ಯಾಪ್‌ಟಾಪಿನೊಳಗೆ ಕೂರಿಸುವ," ಎಂದ ಅಶ್ವಿತ್.

ತಪ್ಪು ಸಿಕ್ಕಿತು. ಪ್ಲಗಿನ್ನಿನ ಫೋಲ್ಡರು ಒಂದು ಕಡೆ ಹೋಗಿ ಕೂತಿತ್ತು, ಸಾಫ್ಟ್‌ವೇರು ಹುಡುಕುತ್ತಿದ್ದದ್ದು ಇನ್ನೊಂದು ಕಡೆ. ಶಿವಕೃಷ್ಣ ಜಾಗ ತಿದ್ದಿ, ಮತ್ತೆ ಬಿಲ್ಡ್ ಮಾಡಿ, ಹೊಸದಾಗಿ ಪ್ಯಾಕ್ ಮಾಡಿ ಹಾಕಿದ. ಪಟ್ಟಿಯಲ್ಲಿ 'ತುಂಗಾ ಶ್ರುತಿ' ಎಂಬ ಹೆಸರು ಮೂಡಿತು. ಒತ್ತಿದರೆ ಸ, ಪ, ಮೇಲಿನ ಸ, ಮೂರೂ ಕೋಣೆ ತುಂಬಿದವು. ಗೆಳೆಯರಿಬ್ಬರೂ ಕೈ ಕೈ ತಟ್ಟಿಕೊಂಡರು.

ಟೀಚರು ಹೆಡ್‌ಫೋನಿನಲ್ಲಿ ಕೇಳಿಸಿಕೊಂಡರು. ಬಾಯಿ ತೆರೆದರು, ಮುಚ್ಚಿದರು.

"ಇನ್ನೊಮ್ಮೆ ಹಾಕು."

ಹಾಕಿದ. ಮತ್ತೆ ಅದೇ ಕಥೆ.

"ಶ್ರುತಿ ಕಡಿಮೆ ಉಂಟಾ ಟೀಚರ್?" ಎಂದು ಕೇಳಿದ ಶಿವಕೃಷ್ಣ.

"ಇಲ್ಲ. ನನ್ನ ಪೆಟ್ಟಿಗೆಯದ್ದೇ."

"ಜೋರಾಯಿತಾ?"

"ಅಲ್ಲ ಮಾರಾಯ. ಎಲ್ಲಿಂದ ಸುರು ಮಾಡುವುದು ಅಂತಲೇ ಗೊತ್ತಾಗುವುದಿಲ್ಲ."

ನಲವತ್ತು ವರ್ಷ ಊರಿನ ಮಕ್ಕಳಿಗೆಲ್ಲ ಸುರು ಮಾಡಿಸಿದವರು ಆಡುವ ಮಾತೇ ಇದು? ಶಿವಕೃಷ್ಣನಿಗೆ ತಲೆಬುಡ ತಿಳಿಯಲಿಲ್ಲ. ತೆಗೆದು ಮತ್ತೆ ಇನ್‌ಸ್ಟಾಲ್ ಮಾಡಿದ. ಹಳೆಯ ಆವೃತ್ತಿ ಹಾಕಿ ನೋಡಿದ. ಎಲ್ಲ ಸರಿಯಾಗಿಯೇ ಇತ್ತು, ಟೀಚರು ಮಾತ್ರ ಹಾಡುತ್ತಿರಲಿಲ್ಲ. ಆಪರೇಶನ್ನಿನ ಹೆದರಿಕೆ ಈಗಲೇ ಗಂಟಲಿಗೆ ಇಳಿಯಿತೋ ಎನಿಸಿ ಅವನಿಗೆ ಅಳುವೇ ಬರುವಂತಾಯಿತು.

"ಏ, ಅವರ ಎಡಗೈ ನೋಡು," ಎಂದ ಅಶ್ವಿತ್.

ಟೀಚರ ಎಡಗೈ ಮಡಿಲಲ್ಲಿ ಇಲ್ಲದ ಪೆಟ್ಟಿಗೆಯ ಗಾಳಿ ತುಂಬುವ ತಿದಿಯನ್ನು ಒತ್ತುತ್ತಿತ್ತು. ಒತ್ತಿ, ಬಿಟ್ಟು, ಬಿಟ್ಟಲ್ಲೇ ಏನನ್ನೋ ಕಾಯುತ್ತ ನಿಂತುಬಿಡುತ್ತಿತ್ತು.

ಶಿವಕೃಷ್ಣನಿಗೆ ಹಳೆಯ ಕ್ಲಾಸು ನೆನಪಾಯಿತು. ಹರಿದ ತಿದಿ ಹಿಂದಕ್ಕೆ ಬರುವಾಗಲೆಲ್ಲ 'ಉಸ್' ಎನ್ನುತ್ತಿತ್ತು. ಆ ಉಸ್ಸಿಗೇ ಚಾಪೆಯ ಮೇಲಿನ ಮಕ್ಕಳೆಲ್ಲ ಉಸಿರು ಎಳೆದುಕೊಂಡು ಒಟ್ಟಿಗೆ ಹಾಡು ಎತ್ತುತ್ತಿದ್ದರು.

"ಅದನ್ನು ನಾನು ತೆಗೆದೆ," ಎಂದ. "ಒಂದು ತಿಂಗಳು ಕೂತು, ಒಂದೊಂದೇ ಉಸ್ಸು ಹೆಕ್ಕಿ ತೆಗೆದೆ. ಈ ಹಾಳು ಸದ್ದು ಒಮ್ಮೆ ಹೋದರೆ ಸಾಕು ಅಂತ ಟೀಚರೇ ಯಾವಾಗಲೂ ಬೈಯ್ತಿದ್ದದ್ದು."

"ಡಿಲೀಟ್ ಮಾಡಿದಿಯಾ?"

"ಇಲ್ಲ. 'ಕಸ' ಅಂತ ಒಂದು ಫೋಲ್ಡರು ಉಂಟು."

ಕಸವನ್ನೆಲ್ಲ ಅದರದರ ಜಾಗಕ್ಕೆ ಸೇರಿಸುವಷ್ಟರಲ್ಲಿ ಕೆಳಗಿನ ಟೈಲರು ಊಟಕ್ಕೆ ಹೋಗಿ ಬಂದಿದ್ದ. ಮತ್ತೆ ಬಿಲ್ಡ್, ಮತ್ತೆ ಪ್ಯಾಕ್, ಮತ್ತೆ ಇನ್‌ಸ್ಟಾಲ್. ಅಶ್ವಿತ್ ಫ್ಯಾನ್ ಆಫ್ ಮಾಡಿ ಕೆಂಪು ಗುಂಡಿ ಒತ್ತಿದ.

ಉಸ್.

ಟೀಚರ ಕೈ ತಟ್ಟನೆ ನಿಂತಿತು. "ಹಾಳು ಸದ್ದು," ಎಂದು ಗೊಣಗಿ ಬೆನ್ನು ನೆಟ್ಟಗೆ ಮಾಡಿ ಕೂತರು.

ಎರಡನೆಯ ಉಸ್ಸಿಗೆ ಅವರು ಉಸಿರು ಎಳೆದುಕೊಂಡರು. ಗಾಜಿನ ಈಚೆ ಶಿವಕೃಷ್ಣನೂ ಎಳೆದುಕೊಂಡ.