ತಪ್ಪು ಮೂಗು

ಸತ್ತವರ ಮುಖ ಬರೆಯುವುದರಲ್ಲಿ ನಮ್ಮತ್ತಿಗೆಗೆ ಒಂದು ಉಪಾಯವಿತ್ತು. ಬೇಕೆಂದೇ ಮೂಗನ್ನು ತಪ್ಪಾಗಿ ಬರೆಯುತ್ತಿದ್ದಳು. ಅಪ್ಪನ ಮೂಗು ಹೇಗಿತ್ತು ಎಂದು ಕೇಳಿದರೆ ಯಾವ ಮಗನೂ ಬಾಯಿ ಬಿಡುವುದಿಲ್ಲ. ತಪ್ಪು ಮೂಗು ಕಂಡರೆ ಮಾತ್ರ ಚೇಳು ಕುಟುಕಿದವನಂತೆ ಎದ್ದು ನಿಲ್ಲುತ್ತಾನೆ. ಇಷ್ಟು ದಪ್ಪ ಇರಲಿಲ್ಲ, ತುದಿ ಸ್ವಲ್ಪ ಬಾಗಿತ್ತು ಎಂದು ತಾನೇ ಹೇಳಿಕೊಡುತ್ತಾನೆ. ಅತ್ತಿಗೆ ಅಳಿಸುತ್ತಾ ತಿದ್ದುತ್ತಾ ಹೋಗುತ್ತಿದ್ದಳು.

ಕಲಿತದ್ದು ನಮ್ಮ ಮುಂದಿನ ಕೋಣೆಗೆ ಬಾಡಿಗೆಗೆ ಬಂದಿದ್ದ ಡ್ರಾಯಿಂಗ್ ಟೀಚರಮ್ಮನಿಂದ. ಕಸ ಗುಡಿಸಲು ಹೋದವಳು ಇದ್ದಿಲು ಹಿಡಿದು ಕೂತಳು. ಅಲ್ಲಿಯವರೆಗೆ ಕಂಡವರ ಹೊಲದಲ್ಲಿ ಕಳೆ ಕೀಳುತ್ತಿದ್ದವಳನ್ನು, ಆಮೇಲೆ ಸುತ್ತಲಿನ ಹಳ್ಳಿಯವರೆಲ್ಲ ಚಿತ್ರದಕ್ಕ ಎಂದು ಹುಡುಕಿಕೊಂಡು ಬಂದರು. ಸೊಸೆಗೆ ಎಂದೂ ಮಣೆ ಹಾಕದ ನಮ್ಮಮ್ಮ, ಬೆಳಕು ಬೀಳುವ ಜಾಗ ನೋಡಿ ಅವಳಿಗೆ ಚಾಪೆ ಹಾಸತೊಡಗಿದಳು. ನನಗೆ ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ. ಅವಳ ಒಂದೊಂದು ಚಿತ್ರಕ್ಕೂ ಕೊಂಕು ತೆಗೆಯುವುದೇ ನನ್ನ ಕೆಲಸವಾಯಿತು.

ಅತ್ತಿಗೆಯ ಮಗಳು ಒಂದು ಕಡೆ ಕಾಲು ನಿಲ್ಲದ ಪೋರಿ. ಫೋಟೋ ತೆಗೆಸೋಣ ಎಂದರೆ ನಮ್ಮಣ್ಣ, ಮನೆಯಲ್ಲೇ ಚಿತ್ರದಕ್ಕ ಇರುವಾಗ ಫೋಟೋ ಯಾಕೆ ಎಂದು ನಗುತ್ತಿದ್ದ. ಚಿತ್ರಕ್ಕೆ ಕೂರು ಎಂದರೆ ಹುಡುಗಿ ಗಳಿಗೆಯೂ ಕೂರುತ್ತಿರಲಿಲ್ಲ. ನಾಳೆ ಬರೆದರಾಯಿತು ಎಂದುಕೊಂಡೇ ಇದ್ದರು. ಜ್ವರ ಬಂತು, ತಲೆಗೇರಿತು, ಹುಡುಗಿ ನಮ್ಮ ಕೈಬಿಟ್ಟು ಹೋದಳು.

ಅತ್ತಿಗೆ ಅಳಲಿಲ್ಲ. ಕಾಗದ ಹಾಸಿಕೊಂಡಳು. ಹಣೆ ಬಂತು, ಹುಬ್ಬು ಬಂತು, ಮುಂದೆ ಕೈ ಓಡಲಿಲ್ಲ. ಇದ್ದಿಲು ಇಟ್ಟಲ್ಲೆಲ್ಲ ತಾನು ಬರೆದುಕೊಟ್ಟ ಊರವರ ಮುಖಗಳೇ ಮೂಡುತ್ತಿದ್ದವು. ಕೊನೆಗೆ ಹಳೆಯ ಉಪಾಯವನ್ನೇ ಹಿಡಿದಳು. ಬೇಕೆಂದೇ ದಪ್ಪ ಮೂಗು ಬರೆದು ಅಣ್ಣನಿಗೆ ತೋರಿಸಿದಳು. ಅವನು ಅವಳ ಮುಖ ನೋಡಿ, ಥೇಟ್ ನಮ್ಮ ಮಗುವೇ ಎಂದ. ಅಮ್ಮ ಕಣ್ಣೊರೆಸಿಕೊಂಡು ಹೌದೆಂದಳು. ನೆರೆಮನೆಯವರೂ ಅಷ್ಟೇ. ಅಂಥ ಸಂಕಟದಲ್ಲಿರುವವಳಿಗೆ ತಪ್ಪು ಎನ್ನಲು ಯಾರಿಗೆ ಬಾಯಿ ಬಂದೀತು? ಅಣ್ಣ ಅದನ್ನು ಗೋಡೆಗೂ ಅಂಟಿಸಿದ. ಬಂದವರೆಲ್ಲ ನೋಡಿ ನೋಡಿ ಅತ್ತರು. ನಾನೂ ದಿನಾ ನೋಡಿ ಅತ್ತೆ.

ಒಂದು ಮಧ್ಯಾಹ್ನ ಅತ್ತಿಗೆ ಚಿತ್ರ ಕಿತ್ತು ತಂದು, ಪಾತ್ರೆ ತೊಳೆಯುತ್ತಿದ್ದ ನನ್ನ ಮುಂದೆ ಹಿಡಿದಳು.

"ಇವರೆಲ್ಲ ನನ್ನ ಮೇಲಿನ ಕನಿಕರಕ್ಕೆ ಹೌದು ಅಂತಾರೆ ಕಣೇ. ನೀನು ನನ್ನ ಯಾವ ಚಿತ್ರಾನೂ ಒಪ್ಪಿದವಳಲ್ಲ. ಈ ಮೂಗು ತಪ್ಪು ಅಂತ ನಂಗೊತ್ತು, ಬರ್ದವಳು ನಾನೇ. ಸರಿಯಾದ್ದು ಹೇಗಿತ್ತು ಅಂತ ನೆನಪಿಗೆ ಬರ್ತಾನೇ ಇಲ್ಲ. ನಿನ್ನ ಕಾಲು ಹಿಡೀತೀನಿ, ಒಂದು ಕೊಂಕು ತೆಗಿ."

ನಾನು ಕೈಯೊರೆಸಿಕೊಂಡು ಕಣ್ಣು ಮುಚ್ಚಿದೆ. ಆ ಪೋರಿಯನ್ನು ಎತ್ತಿ ಆಡಿಸಿದವಳು, ದಿನಾ ಅವಳ ಸಿಂಬಳ ಒರೆಸಿದವಳು ನಾನು. ಎಷ್ಟು ಕರೆದರೂ ಅವಳು ಬರಲಿಲ್ಲ. ಗೋಡೆಯ ಮೇಲಿದ್ದ ದಪ್ಪ ಮೂಗಿನ ಹುಡುಗಿಯೇ ಬಂದು ನಿಂತಳು.

"ನಂಗೂ ಇವಳೇ ಕಾಣ್ತಿದ್ದಾಳೆ ಅತ್ತಿಗೆ" ಎಂದೆ.